ನಾನು ಗಾಡಿಗೆ ಸೂಟು ಹೊಲಿದದ್ದು

ಸೂಜಿಯ ಕಣ್ಣಿನಲ್ಲಿ ದಾರ ತೂರಿಸಬಲ್ಲವನಿಗೆ ಮೋಟರ್ ಸೈಕಲ್ಲಿನ ವೈರು ಕೂಡಿಸುವುದು ಯಾವ ದೊಡ್ಡ ಮಾತು? ದಾರವೂ ಉದ್ದ, ವೈರೂ ಉದ್ದ. ದಾರಕ್ಕೂ ಬಣ್ಣ, ವೈರಿಗೂ ಬಣ್ಣ. ದಾರ ಕಿತ್ತರೆ ಗಂಟು ಹಾಕುತ್ತೇವೆ, ವೈರು ಕಿತ್ತರೂ ಗಂಟೇ ಹಾಕಬೇಕು. ಇಷ್ಟು ಸರಳವಾದ ವಿಷಯಕ್ಕೆ ಜನ ಮೆಕ್ಯಾನಿಕ್ಕನ ಮುಂದೆ ಹೋಗಿ ಯಾಕೆ ಕೂಡುತ್ತಾರೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ನಾನು ರಾಯಚೂರಿನಲ್ಲಿ ಟೇಲರ್. ತೀನ್ ಕಂದೀಲ್ ಹತ್ತಿರದ ಓಣಿಯೊಂದರಲ್ಲಿ ನನ್ನ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ಎದುರಿಗೆ ಪಾಶಾನ ಕಿರಾಣಿ ದುಕಾನು. ಅಂಗಡಿಯ ಮುಂದೆ ಬೇವಿನ ಗಿಡದ ಕೆಳಗೆ ನನ್ನ ಗಾಡಿ. ಅದರ ವಯಸ್ಸು ಕೇಳಬೇಡಿ. ನಾನು ಕೊಂಡಾಗಲೇ ಅದಕ್ಕೆ ಹಿಂದಿನ ಮಾಲೀಕರು ಹಲವರಿದ್ದರು. ಆದರೂ ಒಂದೇ ಒದೆತಕ್ಕೆ ಚಾಲೂ ಆಗುತ್ತಿತ್ತು. ನನಗೆ ಅದರ ಮೇಲೆ ಮಗನ ಮೇಲಿನಷ್ಟು ಪ್ರೀತಿ.

ಪ್ರೀತಿ ಇದ್ದಲ್ಲಿ ಒಡವೆ ಹಾಕುವುದು ಸಹಜ. ಅದಕ್ಕೆ ನಾನು ಕಾರಿನ ಹಾರ್ನು ಹಾಕಿಸಿದೆ. ಮುಂದಿನ ದೀಪಕ್ಕೆ ಕಾರಿನದೇ ಬಲ್ಬು. ಅಂದಿನಿಂದ ಫ್ಯೂಸು ಪದೇಪದೇ ಹೋಗತೊಡಗಿತು. ಫ್ಯೂಸು ಎಂದರೆ ಕಡ್ಡಿಯಷ್ಟು ಗಾಜಿನ ಕೊಳವೆ, ಒಳಗೆ ಕೂದಲಿನಂಥ ತಂತಿ. ಇಂಥ ಬಡಕಲು ವಸ್ತುವನ್ನು ನಂಬಿ ಗಾಡಿ ಮಾಡಿದವರ ಬುದ್ಧಿಗೆ ನಾನು ಮರುಗಿದೆ. ಅದನ್ನು ಕಿತ್ತು, ಬಟ್ಟೆಗೆ ಚುಚ್ಚುವ ಟಾಚಣಿಯೊಂದನ್ನು ಆ ಜಾಗದಲ್ಲಿ ಸಿಗಿಸಿದೆ. ಮತ್ತೆ ಫ್ಯೂಸು ಹೋಗಲೇ ಇಲ್ಲ!

ಹೋದದ್ದು ಬೇರೆ.

ಒಂದು ಸಂಜೆ ಗಾಡಿ ನಿಲ್ಲಿಸಿ ಇಳಿಯುತ್ತಿದ್ದೆ. ಪಾಶಾ ದುಕಾನಿನ ಒಳಗಿಂದಲೇ ಮೂಗು ಅರಳಿಸಿದ.

"ಉಸ್ತಾದ್, ಯಾರ ಮನ್ಯಾಗೋ ಹಾಲು ಹೊತ್ತದ ನೋಡ್ರಿ."

"ಹಾಲಲ್ಲ ಪಾಶಾ, ರಬ್ಬರ್ ವಾಸನಿ."

"ಹಂಗಾರ ನಿಮ್ಮ ಚಪ್ಪಲಿ ನೋಡ್ಕೋರಿ."

ಚಪ್ಪಲಿ ಚೆನ್ನಾಗಿತ್ತು. ವಾಸನೆ ಗಾಡಿಯ ತಲೆಯಿಂದ ಬರುತ್ತಿತ್ತು. ದೀಪದ ಮುಖ ಬಿಚ್ಚಿ ನೋಡಿದರೆ, ವೈರುಗಳು ಒಂದನ್ನೊಂದು ಕೂಡುವ ಬಿಳಿ ಪ್ಲಾಸ್ಟಿಕ್ ಡಬ್ಬಿಗಳು, ಅವಕ್ಕೆ ಕಪ್ಲರ್ ಅನ್ನುತ್ತಾರೆ, ಉರಿದು ಮುಗಿದ ಮೇಣದಬತ್ತಿಯ ಹಾಗೆ ಕರಗಿ ಒಂದರ ಮೈಮೇಲೆ ಒಂದು ಬಿದ್ದಿದ್ದವು.

"ಬಿಸಲು ಪಾಶಾ, ಬಿಸಲು!" ಎಂದೆ. "ನಮ್ಮ ರಾಯಚೂರು ಬಿಸಲಿಗೆ ಮನುಷ್ಯಾರ ಕರಗತಾರ, ಪ್ಲಾಸ್ಟಿಕ್ ಯಾವ ಲೆಕ್ಕ?"

ಟಾಚಣಿಯ ಮೇಲೆ ನನಗೆ ಸಂಶಯವೇ ಬರಲಿಲ್ಲ. ಅದು ನನ್ನ ಕಸುಬಿನ ವಸ್ತು. ಮನೆಯವರ ಮೇಲೆ ಯಾರಾದರೂ ಸಂಶಯ ಪಡುತ್ತಾರೆಯೇ?

ಆಗ ಮನೆಯಲ್ಲಿ ಮದುವೆಯ ಗಡಿಬಿಡಿ. ನನ್ನ ಹೆಂಡತಿ ಗಿರಿಜಾಳ ತವರು ಮಾನ್ವಿ. ಅವಳ ತಮ್ಮ ಮಂಜುನಾಥನಿಗೆ ದೇವದುರ್ಗದ ಹುಡುಗಿ ಗೊತ್ತಾಗಿತ್ತು, ಮದುವೆಯೂ ದೇವದುರ್ಗದಲ್ಲೇ. ಮದುಮಗನ ಸೂಟು ಹೊಲಿಯುವ ಭಾರ ನನ್ನ ಮೇಲೆ. ನೀಲಿ ಬಣ್ಣದ ಒಳ್ಳೆಯ ಬಟ್ಟೆಯನ್ನು ಮಾವನವರೇ ಕಳಿಸಿದ್ದರು. ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಮಂಜುನಾಥ ಅದೇ ಸೂಟಿನಲ್ಲಿ ನಿಲ್ಲಬೇಕು ಎಂಬುದು ಮಾವನವರ ಆಸೆ. ಅವರು ಮಾನ್ವಿಯಲ್ಲಿ ಭತ್ತದ ವ್ಯಾಪಾರ ಮಾಡುವವರು, ಮಾತಿನ ಮನುಷ್ಯ. ವರದಕ್ಷಿಣೆಯ ಮಾತು ಬಂದಾಗ, "ಹುಡುಗಿ ಒಬ್ಬಾಕಿ ಬಂದ್ರ ಸಾಕು, ಒಂದು ಚಮಚ ಸೈತ ಬ್ಯಾಡ" ಎಂದು ಬೀಗರಿಗೆ ಹೇಳಿ, ಆಮೇಲೆ ಅದನ್ನು ಇಡೀ ಓಣಿಗೆ ಹೇಳಿದ್ದರು.

"ಮದಿವಿ ಮುಂದದ. ಗಾಡಿ ಮೆಕ್ಯಾನಿಕ್ ಕೈಯಾಗ ಕೊಡ್ರಿ," ಅಂದಳು ಗಿರಿಜಾ. "ಇಲ್ಲಾಂದ್ರ ಬಸ್ಸಿಗೆ ಹೋಗೂಣು."

"ಮದುಮಗನ ಅಕ್ಕ, ಭಾವ ಬಸ್ಸಿನ್ಯಾಗ ನಿಂತು ಹೋಗಬೇಕೇನು? ಸೂಟು ಮುದುಡಿ ಮುದ್ದಿ ಆಗತದ. ನಾನಾ ರಿಪೇರಿ ಮಾಡತೀನಿ."

"ನಿಮಗ ವೈರಿನ ಕೆಲಸ ಯಾವಾಗ ಬಂತು?"

"ದಾರದ ಕೆಲಸ ಬರತದಲ್ಲ!"

ಅವಳು ನನ್ನನ್ನು ನೋಡಿದಳು. ಮದುವೆಯಾದ ಹೊಸತರಲ್ಲಿ ನಾನು ಟಿವಿಯ ಡಬ್ಬಿ ಬಿಚ್ಚಿದಾಗಲೂ ಹೀಗೇ ನೋಡಿದ್ದಳು.

ರಿಪೇರಿ ಕಾರ್ಯವು ಭಾನುವಾರ ಬೆಳಿಗ್ಗೆ ಶುಭಾರಂಭಗೊಂಡಿತು. ಮೊದಲು ಕರಗಿದ ಕಪ್ಲರುಗಳನ್ನು ಸರಿಪಡಿಸಬೇಕು. ಕರಗಿದ ವಸ್ತುವನ್ನು ಮತ್ತೆ ಬಿಸಿ ಮಾಡಿ ಒತ್ತಿದರೆ ಮೊದಲಿನ ಆಕಾರಕ್ಕೆ ಬರಲೇಬೇಕು, ಇದು ನನ್ನ ಸಿದ್ಧಾಂತ. ಅಂಗಡಿಯ ಇಸ್ತ್ರಿ ಪೆಟ್ಟಿಗೆ ಕಾಯಿಸಿ ಕಪ್ಲರಿನ ಮೇಲೆ ಒತ್ತಿದೆ. ಚುರ್ ಎಂದಿತು. ಕಪ್ಲರು ಆಕಾರಕ್ಕೆ ಬಂತು, ಆದರೆ ಇಸ್ತ್ರಿ ಪೆಟ್ಟಿಗೆಯ ಆಕಾರಕ್ಕೆ. ಅಂದರೆ ಅದರ ತಳಕ್ಕೆ ಅಂಟಿಕೊಂಡಿತು. ಬ್ಲೇಡಿನಿಂದ ಕೆರೆದೆ. ಬಹುಪಾಲು ಹೋಯಿತು. ಸುಟ್ಟು ಕರಿಯಾಗಿ ಉಳಿದ ಸ್ವಲ್ಪ, ಮದುವೆಗೆಂದು ಇಸ್ತ್ರಿ ಮಾಡಿದ ನನ್ನ ಬಿಳಿ ಅಂಗಿಯ ಎದೆಗೆ ಹತ್ತಿತು. ಅದು ಗೊತ್ತಾದದ್ದು ಹೊರಡುವ ದಿನ.

ಕಪ್ಲರು ಹೋದರೆ ಹೋಗಲಿ, ವೈರುಗಳನ್ನು ನೇರವಾಗಿ ಕೂಡಿಸಿದರಾಯಿತು ಎಂದು ಕತ್ತರಿ ತೆಗೆದುಕೊಂಡು ಎಲ್ಲವನ್ನೂ ಒಂದೇ ಸಲ ಕತ್ತರಿಸಿದೆ. ಕಚಕ್, ಕಚಕ್! ಟೇಲರನ ಕೈ, ಒಂದು ವೈರೂ ಸೊಟ್ಟಗೆ ತುಂಡಾಗಲಿಲ್ಲ. ಇನ್ನು ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಜೋಡಿಸಬೇಕು, ಅಷ್ಟೆ.

ಕೆಂಪು ಎಲ್ಲಿದೆ? ಹಸಿರು ಎಲ್ಲಿದೆ?

ಇಷ್ಟು ವರ್ಷದ ಧೂಳು, ಎಣ್ಣೆ, ಬಿಸಿಲು, ಹೊಗೆ ಕೂಡಿ ಎಲ್ಲ ವೈರುಗಳೂ ಒಂದೇ ಬಣ್ಣಕ್ಕೆ ತಿರುಗಿದ್ದವು. ನನಗೆ ಖಾಕಿಯಲ್ಲೇ ಹತ್ತಾರು ಬಗೆ ಗೊತ್ತು. ಪೊಲೀಸರ ಖಾಕಿ ಬೇರೆ, ಕಂಡಕ್ಟರನ ಖಾಕಿ ಬೇರೆ, ಶಾಲೆ ಹುಡುಗರ ಚಡ್ಡಿಯ ಖಾಕಿ ಬೇರೆ. ಆದರೆ ಈ ಖಾಕಿ ನನ್ನ ಅನುಭವಕ್ಕೆ ಬಂದಿರಲಿಲ್ಲ. ವೈರುಗಳನ್ನು ಬೆಳಕಿಗೆ ಹಿಡಿದೆ, ಉಗುಳು ಹಚ್ಚಿ ಒರೆಸಿದೆ. ಕೊನೆಗೆ ಪಾಶಾನನ್ನು ಕರೆದೆ.

"ಇದು ಯಾವ ಬಣ್ಣ ಪಾಶಾ?"

ಅವನು ದಿಟ್ಟಿಸಿ ನೋಡಿ, "ಬೆಲ್ಲದ ಬಣ್ಣ," ಅಂದ.

"ಇದು?"

"ಹಳೇ ಬೆಲ್ಲ."

ಅಂದಾಜಿನ ಮೇಲೆ ಜೋಡಿಸಿದೆ. ಉದ್ದದ ವೈರಿಗೆ ಉದ್ದದ ವೈರು, ದಪ್ಪಕ್ಕೆ ದಪ್ಪ. ಗಂಡು ಹೆಣ್ಣು ನೋಡುವವರೂ ಇಷ್ಟನ್ನೇ ನೋಡುತ್ತಾರೆ. ಗಂಟುಗಳ ಮೇಲೆ ಕಪ್ಪು ಟೇಪು ಸುತ್ತಬೇಕಿತ್ತು. ಅದು ಮನೆಯಲ್ಲಿರಲಿಲ್ಲ. ಇದ್ದರೂ ನನಗೆ ಇಷ್ಟವಿರಲಿಲ್ಲ, ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಕಾಣುತ್ತದೆ. ಮಂಜುನಾಥನ ಸೂಟಿನ ಬಟ್ಟೆಯಲ್ಲಿ ಒಂದು ಒಳ್ಳೆಯ ತುಂಡು ಉಳಿದಿತ್ತು. ಅದನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಮಿಷನ್ನಿಗೆ ಕೊಟ್ಟು, ವೈರುಗಳ ಅಳತೆಗೆ ಸರಿಯಾಗಿ ಚಂದದ ಕೊಳವೆಗಳನ್ನು ಹೊಲಿದೆ. ತುದಿ ಮಡಚಿ ಹೊಲಿಗೆ ಹಾಕಿದೆ. ವೈರಿಗೆ ತೊಡಿಸಿದರೆ, ಆಹಾ! ಯಾವ ಕಾರ್ಖಾನೆಯವರೂ ತಮ್ಮ ಗಾಡಿಯ ವೈರಿಗೆ ಇಷ್ಟು ಫಿಟ್ಟಿಂಗಿನ ಬಟ್ಟೆ ಹೊಲಿಸಿರಲಿಕ್ಕಿಲ್ಲ. ಬಲ ಇರಲಿ ಎಂದು ಫ್ಯೂಸಿನ ಜಾಗದಲ್ಲಿ ಇನ್ನೊಂದು ಟಾಚಣಿಯನ್ನೂ ಸಿಗಿಸಿದೆ.

ಕಿಕ್ ಹೊಡೆದೆ. ಚಾಲೂ ಆಯಿತು! ಗಿರಿಜಾ ಮೇಲಿಂದ ಇಣುಕಿದಳು. ನಾನು ಗೆದ್ದ ಪೈಲವಾನನಂತೆ ಅವಳನ್ನು ನೋಡಿ ಹಾರ್ನ್ ಒತ್ತಿದೆ.

ಹಿಂದಿನ ಕೆಂಪು ದೀಪ ಹತ್ತಿತು.

ಬ್ರೇಕ್ ತುಳಿದೆ. ಕಾರಿನ ಹಾರ್ನು ಭೋಂ ಎಂದು ಬಡಿದುಕೊಂಡಿತು. ಬೇವಿನ ಗಿಡದ ಕಾಗೆಗಳೆಲ್ಲ ಎದ್ದು ಹೋದವು. ಎಡಗಡೆಯ ಇಂಡಿಕೇಟರ್ ಹಾಕಿದರೆ ಬಲಗಡೆ ಮಿಣುಕಿತು, ಬಲಗಡೆ ಹಾಕಿದರೆ ಎಡಗಡೆ.

"ಏನ್ರೀ ಇದು?" ಎಂದಳು ಗಿರಿಜಾ.

"ಎಲ್ಲಾ ಕೆಲಸ ಮಾಡಾಕತ್ತಾವ ನೋಡು! ಒಂದೂ ಕೆಟ್ಟಿಲ್ಲ. ಜಾಗಾ ಅಷ್ಟ ಬದಲಿ ಮಾಡ್ಕೊಂಡಾವ."

"ಬ್ರೇಕ್ ಹೊಡದ್ರ ಯಾಕ ಒದರತದ?"

"ಬ್ರೇಕ್ ಹೊಡಿಯೋದು ಹಿಂದಿನವರಿಗಷ್ಟ ಗೊತ್ತಾದ್ರ ಸಾಕೇನು? ಮುಂದಿನವರಿಗೂ ಗೊತ್ತಾಗಬೇಕು."

ಅವಳು ತಲೆ ಅಲ್ಲಾಡಿಸಿ ಒಳಗೆ ಹೋದಳು. ಒಪ್ಪಿದಳು ಎಂದುಕೊಂಡೆ.

ಮದುವೆಯ ದಿನ ಬೆಳಗಾಗುತ್ತಲೇ ಹೊರಟೆವು. ಬಿಳಿ ಅಂಗಿ ತೊಟ್ಟು ಕನ್ನಡಿ ನೋಡಿದಾಗ ಎದೆಯ ಎಡಭಾಗದಲ್ಲಿ ಕರಿ ಮಚ್ಚೆ. ಬೇರೆ ಅಂಗಿಗಳಿಗೆ ಇಸ್ತ್ರಿ ಇರಲಿಲ್ಲ. ಊರಿನವರ ಬಟ್ಟೆಗೆಲ್ಲ ಇಸ್ತ್ರಿ ಮಾಡುವವನ ಮನೆಯಲ್ಲಿ ಹೀಗೇ. "ಎದಿ ಮ್ಯಾಲ ಕೈ ಇಟ್ಕೊಂಡ ಇರ್ರಿ, ಯಾರಿಗೂ ಕಾಣಂಗಿಲ್ಲ," ಎಂದು ಗಿರಿಜಾ ಉಪಾಯ ಹೇಳಿದಳು. ಹಿಂದೆ ಅವಳು, ಅವಳ ತೊಡೆಯ ಮೇಲೆ ಕವರಿನಲ್ಲಿ ಸೂಟು.

ಪಾಶಾ ದುಕಾನು ತೆಗೆಯುತ್ತಿದ್ದ. "ಅಲ್ಲಾ ಕಾಪಾಡ್ಲಿ," ಎಂದ. ಮದುವೆಗೆ ಹೊರಟವರಿಗೆ ಇದೇನು ಆಶೀರ್ವಾದ ಎಂದು ನನಗೆ ಬೇಸರವಾಯಿತು.

ಗಬ್ಬೂರಿನವರೆಗೆ ಪ್ರಯಾಣ ಸುಖಕರವಾಗಿತ್ತು. ನನ್ನ ಮಟ್ಟಿಗೆ ಹೇಳುತ್ತಿದ್ದೇನೆ. ದಾರಿಯಲ್ಲಿ ಕುರಿ ಹಿಂಡೊಂದು ಅಡ್ಡ ಬಂತು. ನಾನು ಮರ್ಯಾದೆಯಿಂದ ನಿಧಾನ ಮಾಡೋಣ ಎಂದು ಬ್ರೇಕ್ ತುಳಿದೆ. ಭೋಂ! ಅರ್ಧ ಹಿಂಡು ಹತ್ತಿ ಹೊಲಕ್ಕೆ, ಅರ್ಧ ಹಿಂಡು ಮೆಣಸಿನಕಾಯಿ ಹೊಲಕ್ಕೆ ನುಗ್ಗಿತು. ಕುರಿ ಕಾಯುವ ಹಿರಿಯ ಕೋಲೆತ್ತಿದ.

"ಏ ಯಪ್ಪಾ, ನಿಂದ್ರು ಅಂದ್ರ ನಿಂದ್ರತಾವ, ಯಾಕ ಒದರತಿ?"

"ಒದರಿಲ್ಲ ಅಜ್ಜ, ಬ್ರೇಕ್ ಹೊಡದೆ!"

"ಬ್ರೇಕ್ ಹೊಡಿ, ಮತ್ತ ಒದರಬ್ಯಾಡ!"

ಇದನ್ನು ಅವನಿಗೆ ತಿಳಿಸಿ ಹೇಳುವುದು ಸಾಧ್ಯವಿರಲಿಲ್ಲ. ಕೈಮುಗಿದು ಮುಂದೆ ಹೋದೆ.

ಗಬ್ಬೂರು ದಾಟಿ ಸ್ವಲ್ಪ ದೂರ ಹೋಗಿರಬೇಕು. ಹಿಂದಿನಿಂದ ಗಿರಿಜಾಳ ಧ್ವನಿ.

"ರೀ, ಏನೋ ಸುಟ್ಟ ವಾಸನಿ ಬರಾಕತ್ತದ."

"ಹೊಲದಾಗ ಯಾರೋ ಹತ್ತಿ ಕಟ್ಟಿಗಿ ಸುಡಾಕತ್ತಾರ."

"ಹೊಲ ನನ್ನ ಮೊಣಕಾಲಿನ ಹತ್ರ ಅದ ಏನು?"

ಬಗ್ಗಿ ನೋಡಿದೆ. ಟ್ಯಾಂಕಿನ ಕೆಳಗಿಂದ ತೆಳ್ಳನೆಯ ಹೊಗೆ, ದೇವರ ಮುಂದೆ ಊದಿನಕಡ್ಡಿ ಹಚ್ಚಿಟ್ಟ ಹಾಗೆ ಶಾಂತವಾಗಿ ಹೊರಡುತ್ತಿತ್ತು. ಗಾಬರಿಯಿಂದ ಬ್ರೇಕ್ ತುಳಿದೆ. ಭೋಂ ಎಂದಿತು. ಕಾಲು ತೆಗೆದೆ. ಭೋಂ ನಿಲ್ಲಲಿಲ್ಲ. ಕೀಲಿ ತಿರುಗಿಸಿದೆ. ನಿಲ್ಲಲಿಲ್ಲ. ಒಳಗೆ ಬಟ್ಟೆ ಸುಟ್ಟು, ವೈರುಗಳೆಲ್ಲ ಕರಗಿ ಒಂದಾಗಿ, ಕೀಲಿಯ ಮಾತು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ನಿಂತರೆ ಹೊಗೆ ನನ್ನ ಮುಖಕ್ಕೆ ಬರುತ್ತಿತ್ತು. ಓಡಿಸಿದರೆ ಹೆಂಡತಿಯ ಮುಖಕ್ಕೆ ಹೋಗುತ್ತಿತ್ತು. ಆದ್ದರಿಂದ ಓಡಿಸುವುದೆಂದು ತೀರ್ಮಾನಿಸಿದೆ. ಅಕ್ಕಿಕಾಳಿನ ಹೊತ್ತು ಹತ್ತಿರವಾಗುತ್ತಿತ್ತು, ಮದುಮಗನ ಬಟ್ಟೆ ನಮ್ಮ ಹತ್ತಿರ. ಸೂಟು ತಲುಪದಿದ್ದರೆ ಮಾವನವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಗಿರಿಜಾ ಸೂಟನ್ನು ಹೊಗೆಯಿಂದ ಕಾಪಾಡಲು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದಳು. ದೇವದುರ್ಗ ನಮ್ಮನ್ನು ಮೊದಲು ಕೇಳಿತು, ಆಮೇಲೆ ನೋಡಿತು.

ಮದುವೆಯ ಪೆಂಡಾಲಿನ ಮುಂದೆ ಹೆಣ್ಣಿನ ಕಡೆಯವರು ಮಾನ್ವಿಯಿಂದ ಬರಬೇಕಾದ ಗಂಡಿನ ದಿಬ್ಬಣಕ್ಕಾಗಿ ಕಾಯುತ್ತಿದ್ದರು. ಹೆಂಗಸರ ಕೈಯಲ್ಲಿ ಆರತಿ, ತುಂಬಿದ ಕೊಡ. ಬಾಜಾದವರು ಡೋಲು ಬಿಗಿದು ನಿಂತಿದ್ದರು. ದೂರದಿಂದ ಭೋಂ ಎನ್ನುವ ನಿಲ್ಲದ ಹಾರ್ನು ಕೇಳಿದ್ದೇ, "ಬೀಗರು ಬಂದ್ರು! ಬೀಗರು ಬಂದ್ರು!" ಎಂದು ಗದ್ದಲ ಎದ್ದಿತು. ಬಾಜಾ ಹೊಡೆಯತೊಡಗಿತು. ಹೂವು ಎರಚಿದರು. ಹೊಗೆಯ ಮೋಡ ಸರಿದು ನಾವು ಕಂಡೆವು. ನಾನು ಗಾಡಿ ನಿಲ್ಲಿಸಿ, ಮಚ್ಚೆ ಮುಚ್ಚಲು ಎದೆಯ ಮೇಲೆ ಕೈ ಇಟ್ಟೆ. ಅವರು ಇದು ನಮಸ್ಕಾರವೆಂದು ತಿಳಿದು ತಾವೂ ಎದೆಯ ಮೇಲೆ ಕೈ ಇಟ್ಟು ಬಾಗಿದರು!

ಮುಂದಿನ ಹೆಂಗಸು ಆರತಿ ತಟ್ಟೆ ಎತ್ತಿ ನನ್ನ ಮುಖಕ್ಕೆ ಒಂದು ಸುತ್ತು ಬೆಳಗಿಯೂ ಬಿಟ್ಟಳು. ಎರಡನೇ ಸುತ್ತಿಗೆ ಟ್ಯಾಂಕಿನ ಕೆಳಗೆ ಬೆಂಕಿಯ ನಾಲಿಗೆ ಹೊರಬಂತು.

"ಯವ್ವಾ, ಬೆಂಕಿ!"

ಮದುಮಗಳ ಸೋದರತ್ತೆ ಗಟ್ಟಿ ಹೆಂಗಸು. ಯೋಚಿಸುತ್ತ ನಿಲ್ಲಲಿಲ್ಲ. ದಿಬ್ಬಣಕ್ಕೆಂದು ಹಿಡಿದಿದ್ದ ಕೊಡವನ್ನು ಎತ್ತಿ ಗಾಡಿಯ ಮೇಲೆ ಸುರಿದಳು. ಇನ್ನೊಬ್ಬಳು ಆರತಿಯ ಕೆಂಪು ನೀರನ್ನು ನನ್ನ ಮೇಲೆ ಸುರಿದಳು. ನಾನು ಉರಿಯುತ್ತಿರಲಿಲ್ಲ, ಆದರೂ ಮುಂಜಾಗ್ರತೆಗೆ! ಹಾರ್ನು ಗೊರ್ರ್ ಎಂದು ಒಮ್ಮೆ ಕೆಮ್ಮಿ ಪ್ರಾಣ ಬಿಟ್ಟಿತು.

ಸೂಟು ಮಾತ್ರ ಒಂದು ಹನಿಯೂ ತಾಗದೆ ಗಿರಿಜಾಳ ತಲೆಯ ಮೇಲೆ ಕ್ಷೇಮವಾಗಿತ್ತು.

ಅದೇ ಹೊತ್ತಿಗೆ ಮಾನ್ವಿಯ ದಿಬ್ಬಣ ಬಂತು. ಆರತಿ ಚೆಲ್ಲಿತ್ತು, ಕೊಡ ಖಾಲಿಯಾಗಿತ್ತು, ಹೂವು ನೆಲದ ಮೇಲಿತ್ತು, ಬಾಜಾದವರು ನೀರು ಕುಡಿಯಲು ಹೋಗಿದ್ದರು. ಮಾವನವರು ಕಾರಿನಿಂದ ಇಳಿದು ಸುತ್ತ ನೋಡಿದರು. ಮಗನ ಸ್ವಾಗತವೆಲ್ಲ ಅಳಿಯನ ಮೈಮೇಲಿಂದ ತೊಟ್ಟಿಕ್ಕುತ್ತಿತ್ತು.

"ಅಳಿಯಂದಿರು ಮೊದಲಾ ಬಂದಾರೇನು," ಎಂದರು. ಅಷ್ಟೇ.

ಇರಲಿ, ಸೂಟು ಬಂದಿತ್ತಲ್ಲ. ಮಂಜುನಾಥ ಕೋಣೆಗೆ ಹೋಗಿ ತೊಟ್ಟುಕೊಂಡ. ಕೋಟು ಮೈಗೆ ಅಚ್ಚು ಹಾಕಿದಂತೆ ಕೂತಿತು. ನನ್ನ ಎದೆ ಉಬ್ಬಿತು. ಆಮೇಲೆ ಅವನು ಕೆಳಗೆ ನೋಡಿಕೊಂಡ.

"ಭಾವಾ, ಇದು ಪ್ಯಾಂಟೋ, ಚಡ್ಡಿಯೋ?"

ಪ್ಯಾಂಟು ಪಾದಕ್ಕಿಂತ ನಾಲ್ಕು ಬೆರಳು ಮೇಲೆ ನಿಂತಿತ್ತು. ನನಗೆ ನೆನಪಾಯಿತು. ವೈರಿನ ಕೊಳವೆಗಳನ್ನೂ ಅವನ ಪ್ಯಾಂಟನ್ನೂ ಕತ್ತರಿಸಿದ್ದು ಒಂದೇ ದಿನ. ಆ ದಿನ ತಲೆಯ ತುಂಬ ಗಾಡಿ. ವೈರಿಗೆ ಮಡಚಲು ನಾಲ್ಕು ಬೆರಳು ಬಟ್ಟೆ ಬಿಟ್ಟಿದ್ದೆ. ಪ್ಯಾಂಟಿಗೆ ಬಿಟ್ಟಿರಲಿಲ್ಲ!

"ಉಳದಿದ್ದ ಬಟ್ಟಿ ಇತ್ತಲ್ಲ, ಅದನ್ನ ಕೂಡಿಸಿ ಹೊಲದ್ರಾತು," ಎಂದರು ಮಾವನವರು. "ಎಲ್ಲದ ಬಟ್ಟಿ?"

ನಾನು ಹೊರಗೆ ನೋಡಿದೆ. ನನ್ನ ನೋಟದ ಹಿಂದೆ ಅವರ ನೋಟವೂ ಹೋಯಿತು. ಪೆಂಡಾಲಿನ ಪಕ್ಕ ನಿಂತಿದ್ದ ಗಾಡಿಯ ತಲೆಯಿಂದ, ಅರ್ಧ ಸುಟ್ಟ ನೀಲಿ ಬಟ್ಟೆಯ ಕೊಳವೆಗಳು ಕರುಳಿನ ಹಾಗೆ ಜೋತಾಡುತ್ತಿದ್ದವು. ಮಾವನವರು ಹತ್ತಿರ ಹೋಗಿ, ಒಂದನ್ನು ಹಿಡಿದು, ಹೊಲಿಗೆಯನ್ನು ತಿರುವಿ ನೋಡಿದರು.

"ಅಳಿಯಂದಿರಾ," ಎಂದರು ಬಹಳ ಮೆಲ್ಲಗೆ, "ಗಾಡಿಗೂ ಸೂಟು ಹೊಲದೀರಿ. ಫಿಟ್ಟಿಂಗ್ ಭಾಳ ಚೊಲೋ ಬಂದದ. ಮದುಮಗಗ ಅಷ್ಟ ಸಾಲಲಿಲ್ಲ."

ನೆಲ ಬಾಯಿ ಬಿಡಬಾರದೇ ಎನಿಸಿತು. ದೇವದುರ್ಗದ ನೆಲ ಗಟ್ಟಿ, ಬಿಡಲಿಲ್ಲ.

ಕಾಪಾಡಿದವಳು ಗಿರಿಜಾ. ತಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಪ್ಯಾಂಟು ಬಿಚ್ಚೋ. ಅಪ್ಪಾ, ನಿಮ್ಮ ಜರಿ ಅಂಚಿನ ಧೋತರ ಕೊಡ್ರಿ," ಎಂದಳು. ಮೇಲೆ ನೀಲಿ ಕೋಟು, ಕೆಳಗೆ ಬಿಳಿ ಧೋತರ, ತಲೆಗೆ ಪೇಟ. ಮಂಜುನಾಥ ಹೊರಗೆ ಬಂದಾಗ ಹಿರಿಯರೆಲ್ಲ ತಲೆದೂಗಿದರು. "ಹುಡುಗ ಅಂದ್ರ ಹಿಂಗಿರಬೇಕು! ಈಗಿನ ಹುಡುಗರಿಗೆ ಧೋತರ ಉಡಾಕ ಎಲ್ಲಿ ಬರತದ?" ಮದುಮಗಳೂ ಕದ್ದು ಎರಡು ಸಲ ನೋಡಿದಳು. ಅಕ್ಕಿಕಾಳು ಬಿದ್ದವು. ಮಾವನವರ ಮುಖ ಸ್ವಲ್ಪ ಸಡಿಲವಾಯಿತು. ನಾನು ಎದೆಯ ಮೇಲೆ ಕೈ ಇಟ್ಟುಕೊಂಡೇ ಊಟಕ್ಕೆ ಕುಳಿತು, ಒಂದೇ ಕೈಯಿಂದ ಬಡಿಸುವವರಿಗೆ ಸಾಕೆಂದು ಎಲೆ ಮುಚ್ಚುವುದೂ ಹೋಳಿಗೆ ಮುರಿಯುವುದೂ ಎಷ್ಟು ಕಷ್ಟ ಎಂದು ತಿಳಿದುಕೊಂಡೆ.

ಇಷ್ಟಕ್ಕೆ ಮುಗಿದಿದ್ದರೆ ನಾನು ಯಾರಿಗೂ ಹೇಳುತ್ತಿರಲಿಲ್ಲ.

ಸಂಜೆ ಮದುಮಕ್ಕಳನ್ನು ಕರೆದುಕೊಂಡು ಎಲ್ಲರೂ ಮಾನ್ವಿಗೆ ಹೊರಟರು. ಮಾವನವರು ಎಷ್ಟು ಬೇಡವೆಂದರೂ ಹುಡುಗಿಯ ತಾಯಿ ಕೇಳಲಿಲ್ಲ. ಒಂದು ಮಂಚ, ಒಂದು ಅಲಮಾರಿ ಟೆಂಪೋದಲ್ಲಿ ಹೇರಿಸಿಯೇ ಬಿಟ್ಟಳು. "ತಾಯಿ ಕರುಳು, ಇರಲಿ," ಎಂದು ಮಾವನವರು ಸುಮ್ಮನಾದರು. ನನ್ನ ಸತ್ತ ಗಾಡಿಯನ್ನು ದೇವದುರ್ಗದಲ್ಲಿ ಬಿಡುವುದು ಹೇಗೆ? ಅದನ್ನೂ ಅದೇ ಟೆಂಪೋಕ್ಕೆ ಏರಿಸಿದರು. ಹಗ್ಗ ಸಾಲಲಿಲ್ಲ. ಗಾಡಿ ಅಲಮಾರಿಯ ಮೇಲೆ ಬೀಳದಂತೆ ಯಾರಾದರೂ ಅದರ ಮೇಲೆ ಕುಳಿತು ಕಾಲು ಊರಿ ಹಿಡಿಯಬೇಕಿತ್ತು. ಎಲ್ಲರೂ ನನ್ನನ್ನು ನೋಡಿದರು.

ಹೀಗೆ ನಾನು ಟೆಂಪೋದ ಮೇಲೆ, ಮಂಚ ಮತ್ತು ಅಲಮಾರಿಯ ನಡುವೆ, ಓಡದ ಗಾಡಿಯ ಮೇಲೆ ಕುಳಿತು, ಹ್ಯಾಂಡಲ್ ಹಿಡಿದು, ಗಾಳಿಗೆ ಮುಖ ಒಡ್ಡಿ ಸವಾರಿ ಹೊರಟೆ. ತಿರುವು ಬಂದಲ್ಲೆಲ್ಲ ನನಗೆ ಅರಿವಿಲ್ಲದೆ ಕಾಲು ಬ್ರೇಕ್ ತುಳಿಯುತ್ತಿತ್ತು. ಸಿರವಾರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಜನ ಸುತ್ತ ಸೇರಿದರು.

"ಮದಿವಿ ಸಾಮಾನೇನ್ರಿ? ಮಂಚ ಹೊಸಾದು, ಅಲಮಾರಿ ಹೊಸಾದು. ಗಾಡಿ ಯಾಕ ಇಂಥಾದ್ ಕೊಟ್ಟಾರ?"

"ಸುಟ್ಟ ಗಾಡಿ ಕೊಟ್ಟಾರಲೇ! ಎಂಥಾ ಬೀಗರು ಸಿಕ್ಕಾರಪಾ ಇವರಿಗೆ!"

ಕಾರಿನಲ್ಲಿದ್ದ ಮಾವನವರ ಕಿವಿಗೆ ಅದು ಬಿತ್ತು. ಅವರು ಚಹಾ ಅರ್ಧಕ್ಕೇ ಬಿಟ್ಟರು.

ಮಾನ್ವಿ ಮುಟ್ಟುವ ಹೊತ್ತಿಗೆ ಓಣಿಯ ಜನವೆಲ್ಲ ಸೊಸೆಯನ್ನು ನೋಡಲು ಹೊರಗೆ ನಿಂತಿದ್ದರು. ಎದುರು ಮನೆಯ ಅಜ್ಜಿ ಕೋಲೂರಿಕೊಂಡು ನೇರವಾಗಿ ಟೆಂಪೋದ ಹತ್ತಿರ ಬಂದಳು. ಕಣ್ಣು ಮಂದ, ಧ್ವನಿ ಚುರುಕು.

"ಏನಪಾ, ಚಮಚ ಸೈತ ಬ್ಯಾಡ ಅಂತ ಊರೆಲ್ಲಾ ಹೇಳಿದ್ದಿ. ಮೋಟರ್ ಸೈಕಲ್ ತಗೊಂಡು ಬಂದೀಯಲ್ಲ!"

ಇಡೀ ಓಣಿ ಮಾವನವರ ಕಡೆ ತಿರುಗಿತು. ಅವರ ಮಾನ ಆಗ ನನ್ನ ಗಾಡಿಯ ಮೇಲೆ ನಿಂತಿತ್ತು.

"ಯವ್ವಾ, ಅದು ಬೀಗರದಲ್ಲ."

"ಮತ್ಯಾರದು?"

ಮಾವನವರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಬೆನ್ನು ನೆಟ್ಟಗೆ ಮಾಡಿ, 'ನನ್ನ ಹಿರೀ ಅಳಿಯಂದು' ಎಂಬ ಮಾತಿಗಾಗಿ ಕಾದೆ. ಮುಖದ ಮೇಲೆ ಮಸಿ, ಅಂಗಿಯ ಮೇಲೆ ಆರತಿಯ ಕೆಂಪು, ಕೂದಲ ತುಂಬ ದಾರಿಯ ಧೂಳು. ಅವರು ಇವನ್ನೆಲ್ಲ ಒಂದೊಂದಾಗಿ ನೋಡಿದರು.

"ಆ ಮೆಕ್ಯಾನಿಕಂದು," ಎಂದರು.

"ಹೌದಾ!" ಅಜ್ಜಿಯ ಮುಖ ಅರಳಿತು. "ಏ ಯಪ್ಪಾ ಮೆಕ್ಯಾನಿಕ್, ಇಳಿ ಕೆಳಗ. ನಮ್ಮನಿ ಫ್ಯಾನ್ ತಿರಗವಲ್ದು. ಸೆಕಿಗೆ ಜೀವ ಹೊಂಟದ. ಒಂದೀಟು ನೋಡಿ ಹೋಗು ಬಾ."

ಏನು ಹೇಳಲಿ, ನನ್ನ ಕಾಲು ಆಗಲೇ ಟೆಂಪೋದಿಂದ ಇಳಿಯುತ್ತಿತ್ತು. ಫ್ಯಾನು ಎಂದರೆ ಏನು? ಎರಡು ವೈರು, ಅಷ್ಟೆ!

ಗಿರಿಜಾ ಕಾರಿನಿಂದ ಇಳಿದು ಓಡೋಡಿ ಬಂದು ಅಜ್ಜಿಯ ಕೈ ಹಿಡಿದಳು.

"ಬ್ಯಾಡಬೇ ಯಮ್ಮಾ! ಬೀಸಣಿಕಿ ನಾ ತಂದು ಕೊಡತೀನಿ. ಸೆಕಿಯಾದ್ರ ಆಗಲಿ, ಮನಿ ಆದ್ರೂ ಉಳೀಲಿ!"

ಆ ಫ್ಯಾನು ಈಗಲೂ ತಿರುಗುತ್ತಿಲ್ಲವಂತೆ. ನಮ್ಮ ಸಂಬಂಧಿಕರ ಓಣಿಯಲ್ಲಿ ನಾನು ಕೈ ಹಚ್ಚದೆಯೇ ಕೆಟ್ಟಿರುವ ವಸ್ತು ಅದೊಂದೇ.